ನೆಕ್ಕರೆಪದವಿನಲ್ಲಿ ತುಳಸಿ ಇಲ್ಲ

“ಇದು ಎಂತದ್ದು ಅಂತ ನೀನೇ ನೋಡಿ ಹೇಳು ಮಗಳೇ,” ಎಂದು ಖತೀಜಮ್ಮ ನನ್ನ ಅಂಗೈ ಬಿಡಿಸಿ ಅದರಲ್ಲೊಂದು ಎಲೆಯನ್ನಿಟ್ಟರು.

ಉಗುರಿನಷ್ಟೇ ಇದ್ದ ಎಲೆ. ಬಾಡಿ ಕಪ್ಪಾಗಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದೆ. ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು.

“ತುಳಸಿ,” ಎಂದೆ.

“ಅದು ಇವರ ಬಾಯಿಯೊಳಗೆ ಇತ್ತು.”

ಬಂದರಿನ ಆ ಮನೆಯ ಒಳಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ನನ್ನ ಬೆನ್ನು ಒದ್ದೆಯಾಯಿತು. ಇವರು ಎಂದರೆ ಕಮರುದ್ದೀನ್, ಖತೀಜಮ್ಮನ ಗಂಡ. ಬಂದರಿನಲ್ಲಿ ಒಣಮೀನಿನ ಸಗಟು ವ್ಯಾಪಾರ, ಮತ್ತು ನಮ್ಮ ‘ನೆಕ್ಕರೆಪದವು ಉಳಿಸಿ’ ಸಮಿತಿಯ ಉಪಾಧ್ಯಕ್ಷರು. ಮೊನ್ನೆ ಬೆಳಿಗ್ಗೆ ದನ ಮೇಯಿಸಲು ಹೋದವರಿಗೆ ಅವರ ಹೆಣ ಸಿಕ್ಕಿದ್ದು ಆ ಪದವಿನಲ್ಲಿ, ಊರ ಮೇಲಿನ ಬಯಲುಗುಡ್ಡದಲ್ಲಿ, ಬೊಂಬಾಯಿಯ ಚಿನ್ನದ ಗಣಿ ಕಂಪನಿ ಮಣ್ಣು ಪರೀಕ್ಷೆಗೆಂದು ತೋಡಿಸಿದ ಗುಂಡಿಯೊಂದರಲ್ಲಿ. ತಲೆಯ ಹಿಂಬದಿ ಒಡೆದಿತ್ತು. ಮೈಮೇಲೆ ಕೆಂಪು ಮಣ್ಣು ಎಳೆದಿದ್ದರು.

ಖತೀಜಮ್ಮ ಇದ್ದತ್ ಕೂತಿದ್ದರು. ಗಂಡ ತೀರಿಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವ ಹಾಗಿಲ್ಲ, ಪರಗಂಡಸರ ಎದುರು ಬರುವ ಹಾಗಿಲ್ಲ. ಹಾಗಾಗಿ ತನಿಖೆ ಮಾಡಬೇಕಾದ ಇನ್ಸ್‌ಪೆಕ್ಟರ್ ಸಂಕಪ್ಪ ಹೊರಗಿನ ಜಗಲಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಸಮಿತಿಯ ವಕೀಲೆಯಾದ ನಾನು ಹೆಂಗಸೆಂಬ ಒಂದೇ ಅರ್ಹತೆಯಿಂದ ಒಳಗೆ ಬಂದಿದ್ದೆ. ಕೋರ್ಟಿನಲ್ಲಿ ಆ ಅರ್ಹತೆ ನನಗೆ ಒಂದು ದಿನವೂ ಉಪಯೋಗಕ್ಕೆ ಬಿದ್ದದ್ದಿಲ್ಲ.

“ಯಾರು ಕಂಡದ್ದು?”

“ನನ್ನ ತಮ್ಮ ಮೋನು. ಮಯ್ಯತ್ತನ್ನು ಮೀಯಿಸುವಾಗ ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸ್ಲಿಕ್ಕೆ ಉಂಟು. ಕೆನ್ನೆಯ ಒಳಗೆ ಅಂಟಿಕೊಂಡಿತ್ತಂತೆ. ಆಸ್ಪತ್ರೆಯಲ್ಲಿ ಕೊಯ್ದು ಹೊಲಿದವರಿಗೆ ಕಾಣ್ಲಿಲ್ಲ, ಇವನಿಗೆ ಕಂಡಿತು.”

ಮೋನು ಬಾಗಿಲಲ್ಲೇ ನಿಂತಿದ್ದ. ನಿದ್ದೆ ಇಲ್ಲದೆ ಕಣ್ಣು ಕೆಂಡವಾಗಿತ್ತು.

“ನಮ್ಮನ್ನು ಅವಮಾನ ಮಾಡ್ಲಿಕ್ಕೆಂದೇ ಹಾಕಿದ್ದು ವಕೀಲಮ್ಮ,” ಎಂದ. “ಬ್ಯಾರಿಯ ಬಾಯಿಗೆ ತುಳಸಿ! ಇದನ್ನು ನಾನು ಹೊರಗೆ ಒಬ್ಬನಿಗೆ ಹೇಳಿದರೆ ಸಾಕು, ಸಂಜೆಯೊಳಗೆ ಬಂದರಿನಲ್ಲಿ ಒಂದು ಅಂಗಡಿ ತೆರೆದಿರ್ಲಿಕ್ಕಿಲ್ಲ.”

“ಹೇಳ್ಲಿಲ್ಲ ಅಲ್ಲ?”

“ಅಕ್ಕ ಕುರಾನ್ ಮುಟ್ಟಿಸಿ ಭಾಷೆ ತೆಗೆದುಕೊಂಡಿದ್ದಾಳೆ. ನಾಳೆ ಮಧ್ಯಾಹ್ನದವರೆಗೆ ನನ್ನ ಬಾಯಿಗೆ ಬೀಗ. ಆಮೇಲೆ ನನ್ನನ್ನು ಕೇಳ್ಬೇಡಿ.”

ನಾಳೆ ಬೆಳಿಗ್ಗೆ ಡೀಸಿಯವರ ಎದುರು ಅಹವಾಲು. ದೇರೆಬೈಲಿನ ಮೇಲ್ಬದಿಯ ನೆಕ್ಕರೆಪದವು ಸರಕಾರಿ ಪರಂಬೋಕು ಜಾಗ. ಅದನ್ನು ಚಿನ್ನದ ಗಣಿಗೆ ಕೊಡುವುದೋ ಬಿಡುವುದೋ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಆ ಪದವಿಗೆ ಬಿದ್ದ ಮಳೆ ಕಲ್ಲಿನೊಳಗೆ ಇಂಗಿ ಕೆಳಗಿನ ಅಷ್ಟೂ ಮನೆಗಳ ಬಾವಿಗೆ ಇಳಿಯುತ್ತದೆ. ಊರಿನ ದನ ಮೇಯುವುದು ಅಲ್ಲಿ, ಮಕ್ಕಳು ಗಾಳಿಪಟ ಬಿಡುವುದು ಅಲ್ಲಿ. ಅದು ಯಾರೊಬ್ಬರದ್ದೂ ಅಲ್ಲ, ಹಾಗಾಗಿ ಎಲ್ಲರದ್ದೂ ಹೌದು. ಬಂಟರು, ಬ್ಯಾರಿಗಳು, ಕ್ರಿಶ್ಚಿಯನರು ಒಂದೇ ಚಾಪೆಯಲ್ಲಿ ಕೂತು ಕಟ್ಟಿದ ಸಮಿತಿ ನಮ್ಮದು. ಈ ಸಣ್ಣ ಎಲೆ ಹೊರಗೆ ಹೋದರೆ ಚಾಪೆ ಹರಿಯುತ್ತದೆ, ಚಾಪೆ ಹರಿದರೆ ಪದವು ಹೋಯಿತು.

“ನನಗೆ ಅವಮಾನ ಅಂತ ಕಾಣ್ಲಿಲ್ಲ. ಅದಕ್ಕೇ ನಿನ್ನನ್ನು ಕರೆಸಿದ್ದು,” ಎಂದರು ಖತೀಜಮ್ಮ. “ನಿಮ್ಮಲ್ಲಿ ಇದನ್ನು ಯಾರ ಬಾಯಿಗೆ ಹಾಕ್ತಾರೆ?”

ಉತ್ತರ ಗೊತ್ತಿತ್ತು. ನನ್ನ ಅಜ್ಜಿ ಸಾಯುವಾಗ ಮನೆಯ ಯಜಮಾನ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಳಸಿ ನೀರು ಬಿಟ್ಟದ್ದು ಕಣ್ಣೆದುರು ಬಂತು.

“ಸಾಯುವವರ ಬಾಯಿಗೆ,” ಎಂದೆ. “ಅದೂ ನಮ್ಮವರು ಅನ್ನಿಸಿದವರಿಗೆ ಮಾತ್ರ. ಹಗೆಗೆ ಯಾರೂ ತುಳಸಿ ನೀರು ಬಿಡುವುದಿಲ್ಲ.”

ಖತೀಜಮ್ಮ ಅಳಲಿಲ್ಲ. ತಲೆಯ ಮೇಲಿನ ಬಿಳಿ ಬಟ್ಟೆಯನ್ನು ಸರಿಮಾಡಿಕೊಂಡರು.

“ಹಾಗಾದರೆ ಇವರ ಹತ್ತಿರ ಯಾರೋ ಇದ್ದರು. ಇವರನ್ನು ತಮ್ಮವರು ಅಂದುಕೊಂಡವರು. ಮತ್ತೆ ನಾಯಿಯ ಹೆಣವನ್ನು ಹಾಕಿದ ಹಾಗೆ ಗುಂಡಿಗೆ ಯಾಕೆ ಹಾಕಿದರು ಮಗಳೇ?”

“ಆ ಸಂಜೆ ಅವರು ಎಲ್ಲಿಗೆ ಹೋದದ್ದು?”

“ನಿನಗೆ ಗೊತ್ತುಂಟಲ್ಲ. ಸಂಜೆಯ ಅಸರ್ ನಮಾಜು ಮುಗಿಸಿ, ‘ದೇರೆಬೈಲಿಗೆ, ಮೋಹನದಾಸನ ಮನೆಗೆ ಹೋಗಿ ಬರ್ತೇನೆ’ ಅಂತ ಹೊರಟದ್ದು. ‘ನಮ್ಮೊಳಗೇ ಒಬ್ಬ ಕಂಪನಿಯವರ ಜೊತೆ ಸೇರಿಕೊಂಡಿದ್ದಾನೆ. ಮೊದಲು ಮೋಹನದಾಸನಿಗೆ ಹೇಳ್ಬೇಕು, ಅವನಿಗೆ ತುಂಬ ಬೇಜಾರಾಗ್ತದೆ’ ಅಂದರು. ಹೆಸರು ಕೇಳಿದೆ. ಬಾಯಿ ಬಿಡ್ಲಿಲ್ಲ.”

ಮೋಹನದಾಸರು ಸಮಿತಿಯ ಅಧ್ಯಕ್ಷರು. ನನ್ನ ಸೋದರಮಾವ, ನಮ್ಮ ಕುಟುಂಬದ ಯಜಮಾನ. ಅಪ್ಪ ಇಲ್ಲದ ನನ್ನನ್ನು ಓದಿಸಿ ಕರಿಕೋಟು ತೊಡಿಸಿದವರು. ಅಜ್ಜಿಯ ಬಾಯಿಗೆ ತುಳಸಿ ನೀರು ಬಿಟ್ಟ ಕೈ ಅವರದ್ದೇ.

ಕಮರುದ್ದೀನ್ ಆ ಸಂಜೆ ತಮ್ಮ ಮನೆಗೆ ಬರಲೇ ಇಲ್ಲವೆಂದು ಅವರು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಆ ಹೇಳಿಕೆ ಬರೆಸುವಾಗ ಪಕ್ಕದಲ್ಲಿ ಕೂತಿದ್ದವಳು ನಾನು.

ಎಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಹೊರಗೆ ಬಂದೆ. ಖತೀಜಮ್ಮನ ಮಗಳು ನಾಝಿಮಾ ಗೇಟಿನವರೆಗೆ ಬಂದು, “ಅಕ್ಕ, ಉಮ್ಮ ಊಟ ಮಾಡುವುದಿಲ್ಲ,” ಎಂದು ಪಿಸುಗುಟ್ಟಿದಳು. ಅವಳ ತಲೆ ಸವರಿದೆ.

ಸಂಕಪ್ಪ ಜೀಪಿಗೆ ಒರಗಿ ನಿಂತಿದ್ದ. ಕಾಲೇಜಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ನನ್ನ ನೋಟ್ಸಿನಲ್ಲೇ ಪಾಸಾದ ಮಹಾಶಯ ಈಗ ನನ್ನೆದುರು ಮೀಸೆ ತಿರುವುತ್ತಾನೆ.

“ಎಂತ ಹೇಳಿದ್ರು?”

“ಹೆಂಗಸರ ಮಾತು ಮಾರಾಯ. ನಿನಗೆ ಎಂತಕ್ಕೆ?”

“ಆಯ್ತು, ನನ್ನ ಮಾತು ಕೇಳು.” ದನಿ ತಗ್ಗಿಸಿದ. “ಪೋಸ್ಟ್‌ಮಾರ್ಟಂ ರಿಪೋರ್ಟು ಈಗ ಸಿಕ್ಕಿತು. ಕಮರುದ್ದೀನ್ ಕಾಕ ಸತ್ತದ್ದು ತಲೆಯ ಪೆಟ್ಟಿನಿಂದ ಅಲ್ಲ.”

“ಮತ್ತೆ?”

“ಶ್ವಾಸನಾಳದಲ್ಲಿ ಕೆಂಪು ಮಣ್ಣು ಉಂಟು. ಗುಂಡಿಗೆ ಹಾಕಿ ಮಣ್ಣೆಳೆಯುವಾಗ ಅವರು ಉಸಿರಾಡ್ತಾ ಇದ್ದರು ಶಶಿ.”

ಎದುರಿನ ಗೋದಾಮಿನಿಂದ ಹಮಾಲಿಗಳು ಗೋಣಿ ಇಳಿಸುತ್ತಿದ್ದರು. ಒಣಮೀನಿನ ವಾಸನೆ ಗಂಟಲಿಗೆ ಹತ್ತಿತು.

“ಪೆಟ್ಟು ಹೊಡೆದವ ಬೇರೆ ಇರಬಹುದು,” ಎಂದ ಸಂಕಪ್ಪ. “ಕೊಂದವ ಮಾತ್ರ ಗುಂಡಿಗೆ ಹಾಕಿದವನೇ.”

“ಮ್ಯಾಕ್ಸಿಮ್ ಎಂತ ಹೇಳ್ತಾನೆ?”

ಮ್ಯಾಕ್ಸಿಮ್ ಕಂಪನಿಯ ಸೈಟ್ ಮ್ಯಾನೇಜರ್. ಹೆಣ ಸಿಕ್ಕಿದ ದಿನವೇ ಜನ ಅವನನ್ನು ಎಳೆದು ತಂದು ಸ್ಟೇಷನ್ನಿಗೆ ಒಪ್ಪಿಸಿದ್ದರು. ಬಿಟ್ಟಿದ್ದರೆ ಗಲ್ಲಿಗೂ ಅವರೇ ಹಾಕುತ್ತಿದ್ದರು.

“ತಂಗಿಯ ಮದುವೆಯ ಹಿಂದಿನ ದಿನದ ರೋಸಿನಲ್ಲಿ ಇದ್ದೆ ಅಂತಾನೆ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿದವರಲ್ಲಿ ಇವನೂ ಒಬ್ಬನಂತೆ. ಅವರ ಇಗರ್ಜಿಯ ವಾಡೆಯವರು ಎಲ್ಲ ನೋಡಿದ್ದಾರೆ, ಫೋಟೋ ಕೂಡ ಉಂಟು. ಬಿಡ್ಲಿಕ್ಕೆ ಬೇಕಾಗ್ತದೆ. ಇನ್ನೊಂದು ಸಂಗತಿ. ಕಂಪನಿಯ ವಕೀಲ ನಾಳೆ ಡೀಸಿಯವರ ಎದುರು ಒಬ್ಬ ಸಾಕ್ಷಿಯನ್ನು ತರ್ತಾನಂತೆ. ಆ ಸಂಜೆ ಪದವಿಗೆ ಹತ್ತಿದ ಕಾರನ್ನು ಕಂಡವನಂತೆ. ಯಾರ ಕಾರು ಅಂತ ನಾಳೆಯೇ ಹೇಳುವುದಂತೆ.”

ಕರವಸ್ತ್ರದೊಳಗಿನ ಎಲೆಯ ವಿಷಯ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಮಾವನ ಬಾಯಿಂದಲೇ ಕೇಳಬೇಕಿತ್ತು.

ಎಂಬತ್ತಮೂರರ ಆ ಮೇ ತಿಂಗಳ ಬಿಸಿಲು ಮಂಡೆ ಸುಡುತ್ತಿತ್ತು. ಲೂನಾ ಏರಿ ದೇರೆಬೈಲಿನತ್ತ ಹೊರಟೆ. ದಾರಿಯುದ್ದಕ್ಕೂ ಗೋಡೆಗಳ ಮೇಲೆ ನಾವೇ ಬರೆಸಿದ ಕೆಂಪಕ್ಷರ: ‘ಚಿನ್ನ ತಿನ್ನಲಿಕ್ಕಾಗುವುದಿಲ್ಲ, ನೀರು ಬೇಕು.’ ಅದರ ಕೆಳಗೆ ಹೊಸತಾಗಿ ಯಾರೋ ಬರೆದಿದ್ದರು: ‘ಕಮರುದ್ದೀನರನ್ನು ಕೊಂದ ಕಂಪನಿ ತೊಲಗಲಿ.’ ನಾಳೆ ಡೀಸಿ ಆಫೀಸಿನ ಎದುರು ಹಿಂದೆಂದೂ ಸೇರದಷ್ಟು ಜನ ಸೇರುವುದಿತ್ತು. ಎರಡು ವರ್ಷ ನಾವು ಕರಪತ್ರ ಹಂಚಿ ಮಾಡಲಾಗದ್ದನ್ನು ಒಂದು ಹೆಣ ಮಾಡಿತ್ತು.

ಆ ಯೋಚನೆ ಬಂದದ್ದೇ ತಡ, ಲೂನಾದ ವೇಗ ತಗ್ಗಿಸಿದೆ. ಹೆಣ ಸಿಕ್ಕಬೇಕಾದ ಜಾಗದಲ್ಲೇ ಸಿಕ್ಕಿತ್ತು. ನಮಗೆ ಬೇಕಾದ ಜಾಗದಲ್ಲೇ.

ನೆಕ್ಕರೆಪದವಿನಲ್ಲಿ ಏನೇನು ಬೆಳೆಯುತ್ತದೆಂದು ನನಗೆ ಗೊತ್ತು. ಮುಳಿಹುಲ್ಲು, ನೆಕ್ಕರೆ ಗಿಡ, ಅಲ್ಲೊಂದು ಇಲ್ಲೊಂದು ಗೇರು. ದೀಪ ಹಿಡಿದು ಹುಡುಕಿದರೂ ಅಲ್ಲಿ ಒಂದು ತುಳಸಿ ಗಿಡ ಸಿಕ್ಕುವುದಿಲ್ಲ. ತುಳಸಿ ಇರುವುದು ಮನೆಯಂಗಳದಲ್ಲಿ.

ಮಾವನ ಮನೆಯಂಗಳಕ್ಕೆ ಕಾಲಿಟ್ಟವಳು ಮೊದಲು ನೋಡಿದ್ದು ತುಳಸಿಕಟ್ಟೆಯನ್ನು. ಮೂರು ಬದಿ ಮಳೆಗಾಲದ ಪಾಚಿಯ ಕಲೆ ಹಾಗೆಯೇ ಇತ್ತು. ಗೇಟಿಗೆ ಮುಖ ಮಾಡಿದ ಒಂದು ಬದಿಗೆ ಮಾತ್ರ ಹೊಸ ಸುಣ್ಣ ಬಳಿದಿತ್ತು. ದೀಪಾವಳಿಗೆ ಸುಣ್ಣ ಬಳಿಯುವವರನ್ನು ಕಂಡಿದ್ದೇನೆ. ಮೇ ತಿಂಗಳಲ್ಲಿ ಒಂದೇ ಬದಿಗೆ ಬಳಿಯುವವರನ್ನು ಕಂಡಿರಲಿಲ್ಲ.

ಮಾವ ಚಾವಡಿಯ ಆರಾಮಕುರ್ಚಿಯಲ್ಲಿ ಕೂತು ನಾಳೆಯ ಭಾಷಣವನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಕುಶಲಾ ಅತ್ತೆ ವಾರದಿಂದ ತವರಿನಲ್ಲಿದ್ದರು. ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ.

“ಬಾ ಶಶಿ. ಒಮ್ಮೆ ಕೇಳು, ಸರಿ ಉಂಟಾ ನೋಡು. ‘ಮಾನ್ಯರೇ, ನಮ್ಮ ಕಮರುದ್ದೀನ್ ಈ ಪದವಿಗೆ ಪ್ರಾಣ ಕೊಟ್ಟಿದ್ದಾನೆ...’”

ನಾನು ಕರವಸ್ತ್ರ ಬಿಡಿಸಿ ಎಲೆಯನ್ನು ಕುರ್ಚಿಯ ಕೈಯ ಮೇಲಿಟ್ಟೆ.

ಮಾವನ ಮಾತು ನಿಂತಿತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸುಳ್ಳು ಹೇಳುತ್ತಾರೆಂದು ಕಾದೆ. ಹೇಳಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

“ಎಲ್ಲಿತ್ತು?” ಎಂದರು.

“ಕೆನ್ನೆಯ ಒಳಗೆ. ಮೀಯಿಸುವಾಗ ಸಿಕ್ಕಿದ್ದು.”

“ನನಗೆ ಅದು ಹೊಳೆಯಲೇ ಇಲ್ಲ ನೋಡು. ಅವರು ಬಾಯಿ ತೊಳೆಯುತ್ತಾರೆ ಅಂತ.” ಎಲೆಯನ್ನು ಬೆರಳ ತುದಿಯಿಂದ ಮುಟ್ಟಿದರು. “ಖತೀಜಮ್ಮನಿಗೆ ಗೊತ್ತಾಯ್ತಾ?”

“ಎಲೆ ಗೊತ್ತುಂಟು. ಕೈ ಯಾರದ್ದು ಅಂತ ಗೊತ್ತಿಲ್ಲ. ಮಾವ, ನೀವೇ ಹೇಳಿ. ವಕೀಲೆ ಅಂತ ಅಲ್ಲ, ನಾನು ನಿಮ್ಮ ಸೋದರಸೊಸೆ ಕೇಳ್ತಾ ಇದ್ದೇನೆ.”

ಅವರು ಅಂಗಳದ ತುಳಸಿಕಟ್ಟೆಯತ್ತ ತಿರುಗಿದರು.

“ಮುಚ್ಚಂಜೆ ಆಗಿತ್ತು,” ಎಂದರು. “ನಾನು ಇಲ್ಲೇ ಕೂತಿದ್ದೆ. ಗೇಟು ತೆರೆದ ಸದ್ದಾಯ್ತು. ಕಮರು. ತಲೆಯಿಂದ ರಕ್ತ. ಪದವಿನ ಕಡೆಯ ಕಾಲುದಾರಿಯಲ್ಲಿ ಯಾರೋ ಹಿಂದಿನಿಂದ ಹೊಡೆದಿರಬೇಕು. ಅಷ್ಟು ದೂರ ನಡೆದುಕೊಂಡು ಬಂದು ಆ ಕಟ್ಟೆ ಹಿಡಿದು ಬಿದ್ದ. ‘ದಾಸಾ’ ಅಂದ. ಮತ್ತೆ ಮಾತಿಲ್ಲ.”

“ಆಮೇಲೆ?”

“ಆಮೇಲೆ ಎಂತ. ಹೋಗಿಬಿಟ್ಟ. ನನ್ನ ತೊಡೆಯ ಮೇಲೆಯೇ. ನಾವಿಬ್ಬರೂ ಒಂದೇ ಬಾವಿಯ ನೀರು ಕುಡಿದು ಬೆಳೆದವರು ಶಶಿ. ಅವನ ಉಮ್ಮನ ಮನೆ ಇಲ್ಲೇ ಕೆಳಗೆ ಇದ್ದದ್ದು. ಬಾಯಿಗೆ ನೀರು ಬಿಡದೆ ಕಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅವರಲ್ಲಿ ಎಂತ ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಮಾಡಿದೆ. ಅಷ್ಟೇ.”

ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ಅಜ್ಜಿಯ ಸಾವಿನಲ್ಲೂ ಕಂಡಿರಲಿಲ್ಲ.

“ಮತ್ತೆ ಪದವಿಗೆ ತೆಗೆದುಕೊಂಡು ಹೋದದ್ದು?”

“ಹೌದು, ತೆಗೆದುಕೊಂಡು ಹೋದೆ,” ಎಂದು ತಲೆಯೆತ್ತಿದರು. ದನಿಯಲ್ಲಿ ಹಳೆಯ ಯಜಮಾನಿಕೆ ಬಂತು. “ಹೊಡೆದದ್ದು ಕಂಪನಿಯ ಜನವೇ, ಮತ್ಯಾರು? ಆದರೆ ಬ್ಯಾರಿಯ ಹೆಣ ಬಂಟನ ಅಂಗಳದಲ್ಲಿ ಸಿಕ್ಕಿದರೆ ಎಂತ ಆಗ್ತದೆ ಹೇಳು? ಬಂದರಿನಲ್ಲಿ ಕಲ್ಲು, ಇಲ್ಲಿ ಬೆಂಕಿ. ಸಮಿತಿ ಆ ದಿನವೇ ಒಡೆಯುತ್ತಿತ್ತು. ಹೊಡೆದವರ ಗುಂಡಿಯಲ್ಲೇ ಸಿಕ್ಕಲಿ ಅಂತ ಮಾಡಿದೆ. ಕಮರು ಇದ್ದಿದ್ದರೆ ಅವನೇ ಹೌದು ಅಂತಿದ್ದ. ನನ್ನನ್ನು ಪದವಿಗೆ ಕೊಡು ದಾಸಾ, ಅಂತಿದ್ದ.”

ಅವರು ಅದನ್ನು ನಂಬಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಪಾಪವೂ ಅನ್ನಿಸಿತು. ಸತ್ತ ಗೆಳೆಯನನ್ನು ಆಯುಧ ಮಾಡಿಕೊಂಡದ್ದಕ್ಕೆ ಸಿಟ್ಟು. ಇನ್ನೊಂದು ಸಂಗತಿ ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವಳು ನಾನೇ ಆಗಿದ್ದೆ.

ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿತ್ತು.

“ಅವರು ಹೋದರು ಅಂತ ನಿಮಗೆ ಹೇಗೆ ಗೊತ್ತಾಯ್ತು ಮಾವ?”

“ಗೊತ್ತಾಗದೆ ಎಂತ?”

“ಮೂಗಿಗೆ ಬೆರಳು ಹಿಡಿದು ನೋಡಿದಿರಾ? ನಾಡಿ ನೋಡಿದಿರಾ?”

“ನಾನು ನೋಡ್ಲಿಲ್ಲ. ನನ್ನ ಕೈ ಹಿಡಿತದಲ್ಲಿ ಇರ್ಲಿಲ್ಲ. ಚಿತ್ತ ನೋಡಿದ.”

ಚಿತ್ತ ಎಂದರೆ ಡಾಕ್ಟರ್ ಚಿತ್ತರಂಜನ, ಮಾವನ ಒಬ್ಬನೇ ಮಗ. ಫಳ್ನೀರಿನಲ್ಲಿ ಅವನ ಕ್ಲಿನಿಕ್ಕು. ಸಮಿತಿಯ ಕಾರ್ಯದರ್ಶಿಯೂ ಅವನೇ. ನಮ್ಮಿಬ್ಬರಿಗೆ ಗಂಟು ಹಾಕಬೇಕೆಂದು ಹಿರಿಯರು ಒಂದು ಕಾಲದಲ್ಲಿ ಮಾತಾಡಿಕೊಂಡಿದ್ದರು. ನಾನು ಒಲ್ಲೆನೆಂದೆ. ಅವನು ನಕ್ಕು, ‘ಬಚಾವಾದೆ,’ ಎಂದಿದ್ದ. ಅಂದಿನಿಂದಲೂ ಅವನನ್ನು ನನಗೆ ಇಷ್ಟವಿತ್ತು.

“ಭಾವ ಮನೆಯಲ್ಲಿ ಇದ್ದರಾ?”

“ಕೂಗಿದೆ, ಬಂದ. ಎಲ್ಲಿಂದ ಅಂತ ನೋಡ್ಲಿಲ್ಲ. ಹಿಂದಿನ ಬಾಗಿಲಿನಿಂದ ಇರಬೇಕು. ಸ್ಟೆತಸ್ಕೋಪು ಹಿಡಿದು ನೋಡಿದ. ಕಣ್ಣಿನ ರೆಪ್ಪೆ ಎತ್ತಿ ನೋಡಿದ. ‘ಹೋಯ್ತು ಅಪ್ಪ,’ ಅಂದ. ಆಮೇಲೆ ನಾನು ನೀರು ಬಿಟ್ಟದ್ದು.”

ನಾನು ಕುರ್ಚಿಯ ಹತ್ತಿರಕ್ಕೆ ಸರಿದೆ.

“ಗುಂಡಿಯ ಯೋಚನೆ ಯಾರದ್ದು?”

“ನನ್ನದೇ.”

“ಮಾವ, ನೆನಪು ಮಾಡಿ ಹೇಳಿ. ಗುಂಡಿ ಅಂತ ಬಾಯಿ ಬಿಟ್ಟದ್ದು ಮೊದಲು ಯಾರು?”

ಅವರು ಹುಬ್ಬು ಗಂಟಿಕ್ಕಿದರು. ಆ ಸಂಜೆಯನ್ನು ಮತ್ತೆ ತೆರೆದು ನೋಡುವುದು ಅವರಿಗೆ ಬೇಡವಾಗಿತ್ತು.

“ನಾನು ಪೊಲೀಸಿಗೆ ಫೋನು ಮಾಡುವ ಅಂದೆ. ಚಿತ್ತ ಬೇಡ ಅಂದ. ಗಲಾಟೆ ಆಗ್ತದೆ, ಸಮಿತಿ ಒಡೆಯುತ್ತದೆ ಅಂತ ಅವನೇ... ಹೌದು. ‘ಅವರ ಗುಂಡಿಯಲ್ಲಿ ಸಿಕ್ಕಿದರೆ ಅವರ ತಲೆಗೇ ಬರ್ತದೆ ಅಪ್ಪ,’ ಅಂತ ಅವನು ಅಂದ. ನನಗೆ ಸರಿ ಕಂಡಿತು. ನನ್ನ ಕಾರಿನಲ್ಲೇ ಹಾಕಿಕೊಂಡು ಹೋದೆವು. ಅದಕ್ಕೆ ಎಂತ ಈಗ? ಮಗ ಅಪ್ಪನಿಗೆ ಸಹಾಯ ಮಾಡಿದ್ದಾನೆ. ಅವನ ಹೆಸರು ನೀನು ತೆಗೀಬೇಡ. ತಪ್ಪು ಇದ್ದರೆ ನನ್ನದು.”

“ಮಣ್ಣು ಎಳೆದದ್ದು ಯಾರು?”

“ನಾನು.”

“ನೀವೊಬ್ಬರೇ?”

“ಚಿತ್ತ ಕಾರಿನ ಹತ್ತಿರ ನಿಂತಿದ್ದ, ಯಾರಾದರೂ ಬರ್ತಾರಾ ನೋಡ್ಲಿಕ್ಕೆ. ‘ನೀವೇ ಹಾಕಿ ಅಪ್ಪ, ನಿಮ್ಮ ಗೆಳೆಯ,’ ಅಂದ.” ಮಾವನ ಕೈ ಮಡಿಲಲ್ಲೇ ಮಣ್ಣು ಬಾಚಿದ ಹಾಗೆ ಮಾಡಿತು. “ಹಾರೆಯಿಂದ ಹಾಕ್ಲಿಕ್ಕೆ ಮನಸ್ಸಾಗ್ಲಿಲ್ಲ ಶಶಿ. ಕೈಯಿಂದಲೇ ಹಾಕಿದೆ. ಮುಖ ನೋಡ್ಲಿಕ್ಕೆ ಆಗುವುದಿಲ್ಲ ಅಂತ ಮೊದಲು ಮುಖಕ್ಕೆ ಹಾಕಿದೆ.”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮುಚ್ಚಿಟ್ಟರೆ ನಾಳೆ ಬೆಳಿಗ್ಗೆ ಸಾವಿರ ಜನರ ಎದುರು ಕಂಪನಿಯ ವಕೀಲನ ಬಾಯಿಂದ ಕೇಳುತ್ತಾರೆ. ನಾನು ಅವರ ಕಾಲ ಬಳಿ ನೆಲದಲ್ಲಿ ಕೂತೆ. ಅವರ ಎರಡೂ ಕೈ ಹಿಡಿದುಕೊಂಡೆ.

“ಮಾವ, ರಿಪೋರ್ಟು ಬಂದಿದೆ. ಕಮರುದ್ದೀನ್ ಕಾಕನ ಗಂಟಲ ಒಳಗೆ, ಶ್ವಾಸನಾಳದಲ್ಲಿ ಕೆಂಪು ಮಣ್ಣು ಸಿಕ್ಕಿದೆ.”

“ಗುಂಡಿಯಲ್ಲಿ ಬಿದ್ದವನ ಬಾಯಿಗೆ ಮಣ್ಣು ಹೋಗದೆ ಇರ್ತದಾ?”

“ಸತ್ತವರ ಬಾಯಿಗೆ ಹೋಗಬಹುದು ಮಾವ. ಅಷ್ಟು ಕೆಳಗೆ ಹೋಗುವುದಿಲ್ಲ. ಉಸಿರು ಎಳೆದರೆ ಮಾತ್ರ ಹೋಗ್ತದೆ.”

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗುವುದನ್ನು ನಾನು ಕೂತು ನೋಡಬೇಕಾಯಿತು. ಮೊದಲು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಅದನ್ನು ನನ್ನ ಹಿಡಿತದಿಂದ ಬಿಡಿಸಿಕೊಂಡು, ಎಲ್ಲಿಡುವುದೆಂದು ತಿಳಿಯದೆ, ಗಾಳಿಯಲ್ಲೇ ಹಿಡಿದುಕೊಂಡರು.

“ಹಾಗಾದರೆ ನಾನು ಮಣ್ಣು ಹಾಕುವಾಗ...”

“ನಿಮಗೆ ಗೊತ್ತಿರ್ಲಿಲ್ಲ.”

“ಅವನು ಉಸಿರು ತೆಗೀತಾ ಇದ್ದನಾ?”

“ನಿಮಗೆ ಗೊತ್ತಿರ್ಲಿಲ್ಲ ಮಾವ. ಗೊತ್ತಿದ್ದವನು ಬೇರೆ ಒಬ್ಬ ಇದ್ದ. ಸ್ಟೆತಸ್ಕೋಪು ಹಿಡಿದವನಿಗೆ ಜೀವ ಇರುವುದೂ ಇಲ್ಲದಿರುವುದೂ ಗೊತ್ತಾಗದೆ ಇರುವುದಿಲ್ಲ.”

ಮಾವ ಹೊಡೆಯುತ್ತಾರೋ ಅನ್ನಿಸಿತು. ಕುರ್ಚಿಯಿಂದ ಅರ್ಧ ಎದ್ದರು.

“ನನ್ನ ಮಗನಾ? ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ಅವನಿಗೆ ಎಂತಕ್ಕೆ? ಕಂಪನಿಯನ್ನು ಸಿಕ್ಕಿಸ್ಲಿಕ್ಕೆ ದಾರಿ ಹೇಳಿಕೊಟ್ಟವನೇ ಅವನು. ಕಂಪನಿಯ ಜನ ಆದರೆ ಹಾಗೆ ಮಾಡ್ತಾನಾ?”

“ಸಿಕ್ಕಿದ್ದು ಕಂಪನಿ ಅಲ್ಲ ಮಾವ. ನೀವು. ನಾಳೆ ಕಂಪನಿಯ ವಕೀಲ ಒಬ್ಬ ಸಾಕ್ಷಿಯನ್ನು ತರ್ತಾನೆ. ಪದವಿಗೆ ಹತ್ತಿದ ಕಾರು ಕಂಡವನು. ಆ ಕಾರು ನಿಮ್ಮದು. ನೀವು ಮೈಕಿನ ಎದುರು ‘ನಮ್ಮ ಕಮರುದ್ದೀನ್ ಪ್ರಾಣ ಕೊಟ್ಟಿದ್ದಾನೆ’ ಅಂತ ಹೇಳುವ ಹೊತ್ತಿಗೆ ಅವನು ನಿಮ್ಮ ಕಡೆ ಬೆರಳು ತೋರಿಸ್ತಾನೆ. ಸಮಿತಿಯ ಅಧ್ಯಕ್ಷನೇ ಗೆಳೆಯನನ್ನು ಜೀವಂತ ಹೂತು ಕಂಪನಿಯ ಮೇಲೆ ಹಾಕಿದ ಅಂತ ಊರಿಗೆಲ್ಲ ಆಗ್ತದೆ. ಆಮೇಲೆ ಪದವು ಬೇಕು ಅಂತ ಕೇಳ್ಲಿಕ್ಕೆ ಯಾವ ಬ್ಯಾರಿ ಬರ್ತಾನೆ, ಯಾವ ಬಂಟ ಬರ್ತಾನೆ?”

ಮಾವ ಮತ್ತೆ ಕೂತರು.

“ಕಮರುದ್ದೀನ್ ಕಾಕ ಆ ದಿನ ನಿಮ್ಮ ಹತ್ತಿರ ಬಂದದ್ದು ಒಂದು ಹೆಸರು ಹೇಳ್ಲಿಕ್ಕೆ,” ಎಂದೆ. “‘ಮೋಹನದಾಸನಿಗೆ ತುಂಬ ಬೇಜಾರಾಗ್ತದೆ’ ಅಂತ ಹೆಂಡತಿಯ ಹತ್ತಿರ ಹೇಳಿದ್ದರಂತೆ. ಯಾರ ಹೆಸರು ಕೇಳಿದರೆ ನಿಮಗೆ ಅಷ್ಟು ಬೇಜಾರಾಗುತ್ತಿತ್ತು, ನೀವೇ ಯೋಚನೆ ಮಾಡಿ.”

ಅವರು ಯೋಚನೆ ಮಾಡುವುದು ಬೇಕಿರಲಿಲ್ಲ. ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಗಿತ್ತು. ಹೆತ್ತವರಿಗೆ ಮಕ್ಕಳ ವಿಷಯ ಯಾರೂ ಹೇಳಬೇಕಾಗಿಲ್ಲ, ಗೊತ್ತಿರುತ್ತದೆ. ಗೊತ್ತಿಲ್ಲದ ಹಾಗೆ ಇರಲು ಮಾತ್ರ ಅವರು ಬಹಳ ಕಷ್ಟಪಡುತ್ತಾರೆ.

“ಭಾವ ಈಗ ಎಲ್ಲಿದ್ದಾರೆ?” ಎಂದೆ. “ಕ್ಲಿನಿಕ್ಕಿನಲ್ಲಾ?”

“ಊಟಕ್ಕೆ ಬಂದಿದ್ದ.” ಮಾತು ಎಲ್ಲೋ ದೂರದಿಂದ ಬಂದ ಹಾಗಿತ್ತು. “ಖತೀಜಮ್ಮ ನಿನ್ನನ್ನು ಕರೆಸಿದ್ದಾಳೆ, ಎಂತದೋ ಹೇಳ್ಲಿಕ್ಕೆ ಉಂಟಂತೆ, ಅಂತ ನಾನೇ ಅವನ ಹತ್ತಿರ ಹೇಳಿದೆ. ‘ಆಕೆಗೆ ನಿದ್ದೆ ಊಟ ಇಲ್ಲ ಪಾಪ. ಒಂದು ಇಂಜೆಕ್ಷನ್ ಕೊಟ್ಟು ಬರ್ತೇನೆ,’ ಅಂತ ಬ್ಯಾಗು ತೆಗೆದುಕೊಂಡು ಹೋದ. ಇದ್ದತ್ತಿನಲ್ಲಿ ಇರುವವಳು, ಒಳಗೆ ಬಿಡ್ಲಿಕ್ಕಿಲ್ಲ, ಅಂದೆ. ಆಮೇಲೆ ನಾನೇ, ‘ನನ್ನ ಹೆಸರು ಹೇಳು, ಬಿಡ್ತಾಳೆ,’ ಅಂತ...”

ನಾನು ಕೇಳಿಸಿಕೊಂಡು ಮುಗಿಸಲಿಲ್ಲ. ಚಾವಡಿಯ ಮೂಲೆಯ ಫೋನಿಗೆ ಓಡಿದೆ. ಬಂದರಿನ ಮನೆಯ ನಂಬರು ತಿರುಗಿಸಿದೆ. ಆ ಕಡೆ ರಿಂಗಾಯಿತು, ಮತ್ತೂ ರಿಂಗಾಯಿತು. ನಾಝಿಮಾ ಎತ್ತಲಿ ದೇವರೇ ಎಂದುಕೊಂಡೆ.

“ಹಲೋ,” ಎಂದಿತು ಗಂಡಸಿನ ದನಿ. ಮೋನುವಿನದ್ದಲ್ಲ.

“ಭಾವ?”

“ಶಶಿಯಾ? ನಾಝಿಮಾ ಬಿಸಿನೀರಿಗೆ ಒಳಗೆ ಹೋಗಿದ್ದಾಳೆ. ಮೋನು ಮಸೀದಿಗೆ ಹೋದನಂತೆ. ಅದಕ್ಕೆ ನಾನೇ ಎತ್ತಿದೆ.” ಎಂದಿನ ಹಾಗೆಯೇ ಮೆತ್ತಗಿನ ಮಾತು. ನಾನು ಸುಮ್ಮನಿದ್ದದ್ದು ಅವನಿಗೆ ಸಾಕಾಯಿತು. “ಓ. ಅಪ್ಪ ಎಲ್ಲ ಹೇಳಿದರಾ?”

“ನೀನು ಅಲ್ಲಿಂದ ಹೊರಗೆ ಬಾ.” ನನ್ನ ಬಾಯಿಂದ ಬಹುವಚನ ಬಿದ್ದುಹೋಗಿತ್ತು.

“ಬರ್ತೇನೆ. ಅದಕ್ಕೆ ಮೊದಲು ಒಂದು ಮಾತು ಕೇಳು. ನಾಳೆ ಅಪ್ಪನಿಗೆ ಹುಷಾರಿಲ್ಲ ಅಂತ ನೀನು ಡೀಸಿಯವರಿಗೆ ಹೇಳು. ಅಪ್ಪ ಬರದಿದ್ದರೆ ಆ ಸಾಕ್ಷಿಯೂ ಬರುವುದಿಲ್ಲ. ಪದವು ಹೋಗ್ತದೆ, ಅಪ್ಪ ಉಳಿಯುತ್ತಾರೆ. ಬಂದರೆ ಎರಡೂ ಹೋಗ್ತದೆ. ನೀನು ಬುದ್ಧಿವಂತೆ ಶಶಿ, ನಿನಗೆ ನಾನು ಎಂತ ಹೇಳುವುದು?”

ಹಿಂದಿನಿಂದ ಒಂದು ಕೈ ಬಂದು ನನ್ನ ಕೈಯಿಂದ ರಿಸೀವರನ್ನು ತೆಗೆದುಕೊಂಡಿತು. ಮಾವ ಯಾವಾಗ ಎದ್ದು ಬಂದರೋ ಗೊತ್ತಾಗಲಿಲ್ಲ. ಅವರು ನೆಟ್ಟಗೆ ನಿಂತಿದ್ದರು.

“ಚಿತ್ತಾ,” ಎಂದರು. “ನಾಳೆ ನಾನು ಹೋಗ್ತೇನೆ. ನನ್ನ ಕೈಯಲ್ಲಿ ಆದದ್ದನ್ನು ನಾನೇ ಹೇಳ್ತೇನೆ. ನಿನ್ನದನ್ನೂ ಹೇಳ್ತೇನೆ. ಪದವನ್ನು ಉಳಿಸುವುದು ಬಿಡುವುದು ಊರವರಿಗೆ ಬಿಟ್ಟದ್ದು.”

ಮಾವ ರಿಸೀವರನ್ನು ಇನ್ನೂ ಗಟ್ಟಿಯಾಗಿ ಕಿವಿಗೆ ಒತ್ತಿಕೊಂಡರು.

“ಈಗ ಫೋನನ್ನು ಖತೀಜಮ್ಮನಿಗೆ ಕೊಡು. ಮೊದಲು ಅವಳಿಗೆ ಹೇಳ್ಬೇಕು ನಾನು.”

ಮಾವ ಮುಷ್ಟಿಯಿಂದ ಗೋಡೆ ಗುದ್ದಿದರು.

“ಕೊಡು ಅಂದೆ!”

ರಿಸೀವರು ಮಾವನ ಕಿವಿಯಲ್ಲಿದ್ದರೂ ಚಿತ್ತರಂಜನನ ಉತ್ತರ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಅವರನ್ನು ಇನ್ನು ಎಬ್ಬಿಸ್ಲಿಕ್ಕೆ ಆಗುವುದಿಲ್ಲ ಅಪ್ಪ.”